ನಾಲ್ಕು-ಐದನೇ ಕ್ಲಾಸ್ ಮಕ್ಕಳಿಗೆ ವಾಲಿಬಾಲ್ ಎಲ್ಲಿಂದ ಶುರು ಮಾಡೋದು? ಬಾಲ್ ಬಂದ್ರೆ ಹಿಡ್ಕೊಂಡ್‌ಬಿಡ್ತಾವೆ

ಬಯಲುಸೀಮೆ_ಪಿಟಿ

ಎಲ್ರಿಗೂ ನಮಸ್ಕಾರ. ಚಿತ್ರದುರ್ಗ ಕಡೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಪಿಟಿ ಮೇಷ್ಟ್ರು ನಾನು, ನಾಲ್ಕರಿಂದ ಏಳನೇ ಕ್ಲಾಸ್ ತನಕ ಆಟದ ಪೀರಿಯಡ್ ಎಲ್ಲಾ ನಂದೇ. ಕಬಡ್ಡಿ ಖೋಖೋ ನಮ್ಮಲ್ಲಿ ಹೇಳ್ಕೊಡೋ ಅಗತ್ಯಾನೇ ಬರಲ್ಲ, ಮಕ್ಕಳು ಊರಲ್ಲೇ ಕಲ್ತು ಬಂದಿರ್ತಾವೆ, ಆದ್ರೆ ವಾಲಿಬಾಲ್ ಮಾತ್ರ ಒಂದು ಪೀರಿಯಡ್ ಕೂಡ ನೆಟ್ಟಗೆ ನಡೀತಿಲ್ಲ. ಸರ್ವೀಸ್ ಮಾಡು ಅಂದ್ರೆ ಬಾಲ್ ನೆಟ್ ತನಕ ಹೋಗಲ್ಲ, ಅಕಸ್ಮಾತ್ ದಾಟಿದ್ರೆ ಆ ಕಡೆ ಇರೋ ಹುಡುಗ ಮುಖ ತಿರುಗಿಸ್ಕೊಂಡು ಕೂತ್ಬಿಡ್ತಾನೆ, ಹೆಣ್ಮಕ್ಕಳಾದ್ರೆ ಥ್ರೋಬಾಲ್ ಆಡಿ ಆಡಿ ಅಭ್ಯಾಸ, ಗಬಕ್ಕಂತ ಹಿಡ್ಕೊಂಡು ವಾಪಸ್ ಎಸೀತಾವೆ. ಒಂದು ರ್‍ಯಾಲಿ ಅಂತ ಆಗೋದೇ ಇಲ್ಲ, ಬಾಲ್ ಆ ಕಡೆ ಈ ಕಡೆ ನಾಲ್ಕು ಸಲ ದಾಟೋದೇ ಇಲ್ಲ. ಬಾಲ್ ತರೋಕೆ ಓಡೋದೇ ಆಟ ಆಗಿದೆ.

ಇರೋದು ಎರಡು ಬಾಲ್, ಅದ್ರಲ್ಲಿ ಒಂದು ಕಲ್ಲು. ಕ್ಲಾಸಲ್ಲಿ ನಲವತ್ತರ ಹತ್ರ ಮಕ್ಕಳು. ನೆಟ್ ಒಂದಿದೆ, ಊರ ಯುವಕ ಸಂಘದೋರು ಕೊಟ್ಟಿದ್ದು, ಅವರು ಸಂಜೆ ಆಡ್ತಾರೆ ಅಂತ ದೊಡ್ಡೋರ ಎತ್ತರಕ್ಕೇ ಕಟ್ಟಿರುತ್ತೆ. ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ದು ಅಂಡರ್‌ಹ್ಯಾಂಡ್ ಪಾಸ್ (ಜೋಡಿಸಿದ ಮುಂಗೈಲಿ ಕೆಳಗಿಂದ ಎತ್ತೋದು), ಓವರ್‌ಹೆಡ್ ಪಾಸ್ (ಹಣೆ ಮೇಲೆ ಬೆರಳಲ್ಲಿ ತಳ್ಳೋದು), ಸರ್ವೀಸ್, ಸ್ಮ್ಯಾಶ್ ಅಂತ ಆರ್ಡರಲ್ಲಿ, ಆದ್ರೆ ಅದು ಬಿಪಿಎಡ್ (ಪಿಟಿ ಮೇಷ್ಟ್ರಾಗೋ ಕೋರ್ಸ್) ಹುಡುಗರಿಗೆ ಸರಿ, ಒಂಬತ್ತು ವರ್ಷದ ಮಕ್ಕಳಿಗೆ ಎಲ್ಲಿಂದ ಶುರು ಮಾಡ್ಲಿ? ಥ್ರೋಬಾಲ್ ಪೂರ್ತಿ ನಿಲ್ಲಿಸ್ಬಿಡ್ಲಾ? ಆಡ್ಸಿ ಅನುಭವ ಇರೋರು ಹೇಳಿ.

ಕರಾವಳಿ_ಬೂಸ್ಟರ್

ಥ್ರೋಬಾಲ್ ನಿಲ್ಸಿ ಮಾರ್ರೆ, ಮೊದಲು ಅದು. ನಾನು ಕಾಲೇಜಿನಲ್ಲಿ ಯುನಿವರ್ಸಿಟಿ ತನಕ ಆಡಿದವ, ಈಗ ಊರಿನ ಮಕ್ಕಳಿಗೆ ಸಂಜೆ ಹೊತ್ತು ಕೋಚಿಂಗ್ ಕೊಡ್ತೇನೆ. ಹಿಡಿಯುವ ಕೈ ಒಮ್ಮೆ ಅಭ್ಯಾಸ ಆಯ್ತು ಅಂದ್ರೆ ಮತ್ತೆ ಹೊಡೆಯುವ ಕೈ ಬರುದಿಲ್ಲ. ಅಂಡರ್‌ಹ್ಯಾಂಡೇ ಬುನಾದಿ. ಗೋಡೆಗೆ ಹೊಡೆಸಿ, ದಿನಾ ಐವತ್ತು ಸಲ, ಒಂದು ತಿಂಗಳು ಅದನ್ನೇ. ಕೈ ಕೆಂಪಾಗ್ತದೆ, ಆಗ್ಲಿ, ನಮಗೆಲ್ಲ ಹಾಗೇ ಬಂದದ್ದು. ನಮ್ಮ ದಕ್ಷಿಣ ಕನ್ನಡದ ಅಶ್ವಲ್ ರೈ ಇಂಡಿಯಾ ಟೀಮಿಗೆ ಆಡಿದ್ದು, 2022ರಲ್ಲಿ ಪ್ರೈಮ್ ವಾಲಿಬಾಲ್ ಮೊದಲ ಸೀಸನ್ ಕಪ್ ಗೆದ್ದ ಕೋಲ್ಕತ್ತಾ ಟೀಮಿಗೆ ಕ್ಯಾಪ್ಟನ್ ಆದದ್ದು ಬಲೂನ್ ಆಡಿ ಅಲ್ಲ.

ಧಾರ್ವಾಡ_ಮಾಸ್ತರ

ಬೂಸ್ಟರ್ ಸರ್, ಬಲೂನ್ ಸುದ್ದಿ ಯಾರೂ ಎತ್ತೇ ಇಲ್ಲ, ನೀವೇ ಎತ್ತೀರಿ, ಛಲೋ ಆತು, ನಾ ಅದನ್ನ ಹೇಳಾಕ ಬಂದೇನಿ 😄

ಅಲ್ರೀ, ನಾಕನೇತ್ತೆ ಹುಡುಗೂರಿಗೆ ಕೈ ಕೆಂಪಾಗೂ ಹಂಗ ಹೊಡಸಿದ್ರ ಮರುದಿನ ಆಟದ ಪೀರಿಯಡ್ನ್ಯಾಗ ಹೊಟ್ಟಿಬ್ಯಾನಿ ಅಂತ ಮೂಲ್ಯಾಗ ಕುಂದರ್ತಾವ. ನಿಮ್ಮ ಕೋಚಿಂಗಿಗೆ ಬರಾವ್ರು ತಾವಾಗೇ ಇಷ್ಟಪಟ್ಟು ಬಂದಾವ್ರು. ಸಾಲ್ಯಾಗ ಹಂಗಿಲ್ಲ, ಎಲ್ಲಾರೂ ಇರ್ತಾರ, ದಪ್ಪನಾವ, ಸಣ್ಣಾವ, ಚಸ್ಮಾ ಹಾಕ್ಕೊಂಡಾವ, ಬಾಲ್ ಅಂದ್ರ ಅಂಜಾವ.

ಅಂಜಿಕಿ ಕಾರಣ ಬಾಲ್ ಅಲ್ಲ, ಬಾಲಿನ ಸ್ಪೀಡ್. ಹುಡುಗ ನೋಡಿ, ಎಲ್ಲಿ ಬೀಳ್ತದ ಅಂತ ತಿಳ್ಕೊಂಡು, ಅಲ್ಲಿಗೆ ಹೋಗಿ ನಿಲ್ಲೂದ್ರಾಗ ಬಾಲ್ ಬಂದ್ ಮಾರಿಗೆ ಬಡದಿರ್ತದ. ಬಲೂನ್ ಆದ್ರ ತಡಾ ಮಾಡಿ ಬರ್ತದ, ಟೈಮ್ ಸಿಗ್ತದ. ನಾ ಒಂದು ವಾರ ಬರೇ ಬಲೂನ್ ಆಡಸ್ತೇನಿ, ಒಂದರ ಒಳಗ ಸ್ವಲ್ಪ ನೀರು, ಒಂದೆರಡು ಚಮಚ ಹಾಕಿ ಊದಿದ್ರ ಅದು ಅಡ್ಡಾದಿಡ್ಡಿ ಹೋಗ್ತದ, ಹುಡುಗೂರು ಕಾಲ ಓಡಸಾಕ ಕಲೀತಾವ. ಆಮ್ಯಾಲೆ ಜಾತ್ರ್ಯಾಗ ಸಿಗೂ ದೊಡ್ಡ ಪ್ಲಾಸ್ಟಿಕ್ ಚಂಡು. ಅದು ಬಡದ್ರೂ ಹತ್ತೂದಿಲ್ಲ. ಚರ್ಮದ ಬಾಲ್ ಕಡೀಕ.

ನಮ್ಮ ಕಡೆ ಇನ್ನೊಂದು ಸಮಸ್ಯೆ, ಊರಾಗ ಶೂಟಿಂಗ್ ವಾಲಿಬಾಲ್ ಭಾಳ, ಜೋಡಿಸಿದ ಕೈಲೆ ನೇರ ಹೊಡದು ದಾಟಸೂ ಆಟ ಅದು. ಹುಡುಗೂರು ಅಣ್ಣಂದಿರ್ನ ನೋಡಿ ಕೈ ಜೋಡಿಸಿ ಮುಷ್ಟಿ ಕಟ್ಟಿ ಬೀಸಿ ಬೀಸಿ ಹೊಡೀತಾವ. ಬಾಲ್ ಹೋಗಿ ಪಕ್ಕದ ಹೊಲದಾಗ. ಅದನ್ನ ಬಿಡಸೂದ ಥ್ರೋಬಾಲ್ ಬಿಡಸೂದಕ್ಕಿಂತ ಕಷ್ಟ.

ಮೂರನೇ_ಟಚ್

ನಾನು ಮೈಸೂರು ಕಡೆ ಪಿಇ ಟೀಚರ್. ಥ್ರೋಬಾಲ್ ನಿಲ್ಲಿಸಿ ಅನ್ನೋದಕ್ಕೆ ನನ್ನ ಸಂಪೂರ್ಣ ವಿರೋಧ ಇದೆ, ಯಾಕೆ ಅಂತ ಸ್ವಲ್ಪ ಉದ್ದ ಹೇಳ್ತೀನಿ.

ಬಾಲ್ ಎಲ್ಲಿ ಬೀಳುತ್ತೆ ಅಂತ ಅಂದಾಜು ಮಾಡಿ ಅದರ ಕೆಳಗೆ ಹೋಗಿ ನಿಲ್ಲೋದು, ಇದು ವಾಲಿಬಾಲಿನ ಮುಕ್ಕಾಲು ಪಾಲು. ಥ್ರೋಬಾಲ್ ಆಡೋ ಹುಡುಗಿಗೆ ಇದು ಆಗ್ಲೇ ಬಂದಿದೆ. ಅವಳು ಹೆದರ್ತಿಲ್ಲ, ಮುಖ ತಿರುಗಿಸ್ತಿಲ್ಲ, ಬಾಲ್ ಕಡೆಗೇ ಹೋಗ್ತಾಳೆ. ಪಿಟಿ ಸರ್ ಪೋಸ್ಟನ್ನೇ ಇನ್ನೊಂದ್ಸಲ ಓದಿ, ಮುಖ ತಿರುಗಿಸಿ ಕೂರೋರು ಯಾರು, ಹಿಡಿಯೋರು ಯಾರು? ಹಿಡಿಯೋರು ಮುಂದಿದ್ದಾರೆ ಸರ್.

ವ್ಯತ್ಯಾಸ ಇರೋದು ಎಲ್ಲಿ ಹಿಡೀತಾರೆ ಅನ್ನೋದ್ರಲ್ಲಿ. ಥ್ರೋಬಾಲಲ್ಲಿ ಎದೆ ಹತ್ರ ಹಿಡಿದು, ಭುಜದ ಮೇಲಿಂದ ಒಂದೇ ಕೈಲಿ ಎಸೀಬೇಕು. ನಾನು ಮಾಡೋದು ಇಷ್ಟೇ, ಅದೇ ಆಟ ಆಡ್ಸಿ ಎರಡು ನಿಯಮ ಬದಲಾಯಿಸ್ತೀನಿ. ಒಂದು, ಕ್ಯಾಚ್ ಹಣೆ ಮೇಲೆ ಹಿಡಿದ್ರೆ ಮಾತ್ರ ಲೆಕ್ಕ, ಎರಡೂ ಹೆಬ್ಬೆರಳು ಎರಡೂ ತೋರುಬೆರಳು ಸೇರಿ ತ್ರಿಕೋನ ಆಗಿರ್ಬೇಕು, ಅದರೊಳಗಿಂದ ಬಾಲ್ ಕಾಣಬೇಕು. ಎರಡು, ಒಂದು ಕೈಲಿ ಎಸೆಯೋ ಹಾಗಿಲ್ಲ, ಹಿಡಿದ ಜಾಗದಿಂದಲೇ ಎರಡೂ ಕೈಲಿ, ಮೊಣಕಾಲು ಬಗ್ಗಿಸಿ ಮೇಲಕ್ಕೆ ತಳ್ಳಬೇಕು. ಎದೆ ಹತ್ರ ಹಿಡಿದ್ರೆ ಎದುರಾಳಿಗೆ ಪಾಯಿಂಟ್. ಮಕ್ಕಳು ತಾವಾಗೇ ಬಾಲ್ ಕೆಳಗೆ ಓಡ್ತಾವೆ, ಇಲ್ಲಾಂದ್ರೆ ಹಣೆ ಮೇಲೆ ಸಿಗಲ್ಲ. ಸ್ವಲ್ಪ ದಿನ ಆದ್ಮೇಲೆ "ಬಿಸಿ ಬಾಲ್" ಅಂತೀನಿ, ಬಾಲ್ ಸುಡ್ತಿದೆ, ಬೇಗ ಬಿಡಿ ಅಂತ. ಹಿಡಿಯೋ ಹೊತ್ತು ಕಮ್ಮಿ ಆಗ್ತಾ ಆಗ್ತಾ ಯಾವಾಗ ಅದು ಓವರ್‌ಹೆಡ್ ಪಾಸ್ ಆಯ್ತು ಅಂತ ಆ ಮಕ್ಕಳಿಗೇ ಗೊತ್ತಾಗಿರಲ್ಲ.

ಸೈಕಲ್ಲಿಗೆ ಅಕ್ಕಪಕ್ಕ ಸಣ್ಣ ಚಕ್ರ ಹಾಕಿ ಕಲಿಸಿ ಆಮೇಲೆ ಬಿಚ್ತೀವಲ್ಲ, ಕ್ಯಾಚ್ ಅನ್ನೋದು ಆ ಸಣ್ಣ ಚಕ್ರ. ಬಿಚ್ಚೋದು ಮರೀಬಾರದು ಅಷ್ಟೇ, ಬೂಸ್ಟರ್ ಅವರ ಭಯ ಅಲ್ಲಿ ಮಾತ್ರ ಸರಿ.

ಅಂಡರ್‌ಹ್ಯಾಂಡ್ ಮೊದಲು ಅನ್ನೋದನ್ನೂ ನಾನು ಒಪ್ಪಲ್ಲ. ಭಾರದ ಬಾಲಲ್ಲಿ ಅದು ನೋವು, ಮುಂಗೈ ಮೂಳೆ ಮೇಲೆ ಬೀಳುತ್ತೆ, ಮತ್ತೆ ಬಾಲ್ ಎಲ್ಲಿ ಹೋಗುತ್ತೆ ಅನ್ನೋದು ಮಕ್ಕಳ ಕೈಲಿ ಇರಲ್ಲ. ಕಣ್ಣೆದುರಿಗೆ ಬೆರಳಲ್ಲಿ ಆಡೋದ್ರಲ್ಲಿ ಹಿಡಿತ ಬೇಗ ಸಿಗುತ್ತೆ.

ಸುಮ್ನೆ_ಓದ್ತೀನಿ

ಅಕ್ಕೋ, ಹಂಗಾದ್ರೆ ಅದು ವಾಲಿಬಾಲ್ ಅಲ್ವೇ ಅಲ್ಲ ಕಣಕ್ಕ. ಹಿಡಿಯೋದು, ಬಲೂನು, ಜಾತ್ರೆ ಬಾಲು... ನಮ್ ಮಂಡ್ಯ ಕಡೆ ಹೊನಲು ಬೆಳಕಿನ ಟೂರ್ನಮೆಂಟ್ ನೋಡಿದೀರಾ, ರಾತ್ರಿ ಎರಡು ಗಂಟೆಗೂ ಜನ ಕಿಕ್ಕಿರಿದು ನಿಂತಿರ್ತಾರೆ, ಅಲ್ಲಿ ಬಿಸಿ ಬಾಲ್ ಅಂದ್ರೆ ನಗ್ತಾರೆ 😂 ಆಟ ಅಂದ್ರೆ ರೂಲ್ಸ್ ಪ್ರಕಾರ ಇರ್ಬೇಕು. ಆರು ಜನ, ಮೂರು ಟಚ್ಚಲ್ಲಿ ಬಾಲ್ ಆ ಕಡೆ ಕಳಿಸೋದು, ದೊಡ್ಡ ಕೋರ್ಟು.

ಮೂರನೇ_ಟಚ್

ರೂಲ್ಸ್ ಅಂದ್ರಲ್ಲ, ಕೇಳಿ. 1895ರಲ್ಲಿ ಅಮೆರಿಕದ ಹೋಲಿಯೋಕ್ ಅನ್ನೋ ಊರಲ್ಲಿ ವಿಲಿಯಂ ಮಾರ್ಗನ್ ಈ ಆಟ ಶುರು ಮಾಡಿದ್ದೇ ಬಾಸ್ಕೆಟ್‌ಬಾಲ್ ಆಡೋಕೆ ಕಷ್ಟ ಆಗ್ತಿದ್ದ ವಯಸ್ಸಾದ ಗಂಡಸರಿಗೆ ಅಂತ. ಆಗ ನೆಟ್ 6 ಅಡಿ 6 ಇಂಚು, ಅಂದ್ರೆ 2 ಮೀಟರ್ ಕೂಡ ಇಲ್ಲ, ದೊಡ್ಡೋರಿಗೆ! ಎಷ್ಟು ಜನ ಬೇಕಾದ್ರೂ ಆಡಬಹುದಿತ್ತು, ಎಷ್ಟು ಟಚ್ ಬೇಕಾದ್ರೂ ಹೊಡೀಬಹುದಿತ್ತು, ಮೂರೇ ಟಚ್ ಅನ್ನೋ ನಿಯಮ ಬಂದಿದ್ದು 1920ರಲ್ಲಿ. ಬಾಸ್ಕೆಟ್‌ಬಾಲ್ ತೀರಾ ಭಾರ, ಅದರ ಒಳಗಿನ ಬ್ಲಾಡರ್ ತೀರಾ ಹಗುರ ಅಂತ ಸ್ಪಾಲ್ಡಿಂಗ್ ಕಂಪನಿಗೆ ಹೇಳಿ ಬೇರೆ ಬಾಲ್ ಮಾಡಿಸ್ದ. ಆಡೋರಿಗೆ ತಕ್ಕ ಹಾಗೆ ಬಾಲು ನೆಟ್ಟು ಬದಲಾಯಿಸೋದ್ರಿಂದಲೇ ಹುಟ್ಟಿದ ಆಟ ಇದು.

ಈಗ ಹೆಂಗಸರ ನೆಟ್ 2.24 ಮೀಟರ್, ಗಂಡಸರದ್ದು 2.43. ನಾಲ್ಕನೇ ಕ್ಲಾಸಿನ ಮಗು 1.30 ಮೀಟರ್ ಆಸುಪಾಸು ಇರುತ್ತೆ. ಕೈ ಎತ್ತಿ ನಿಂತ್ರೂ ಮೇಲೆ ಎಷ್ಟು ಜಾಗ ಉಳಿಯುತ್ತೆ ಅಂತ ನೀವೇ ನೋಡಿ. ಮಂಡ್ಯದ ಟೂರ್ನಮೆಂಟ್ ಹುಡುಗರಿಗೆ ಮೂರೂವರೆ ಮೀಟರ್ ನೆಟ್ ಕಟ್ಟಿ ಸ್ಮ್ಯಾಶ್ ಹೊಡಿ ಅನ್ನಿ ನೋಡೋಣ, ನಗೋರು ಯಾರು ಅಂತ.

ಸುಮ್ನೆ_ಓದ್ತೀನಿ

ಆಯ್ತಕ್ಕ, ಕೈ ಮುಗ್ದೆ 🙏

ನಗೋಯಾ_ಅಪ್ಪ

ನಾನು ಕೆಲಸಕ್ಕೆ ಅಂತ ಜಪಾನಲ್ಲಿ ಇದೀನಿ, ಮಗಳು ಇಲ್ಲಿನ ಪ್ರೈಮರಿ ಸ್ಕೂಲಲ್ಲೇ ಓದ್ತಿದಾಳೆ, ಹಂಗಾಗಿ ಎರಡು ಮಾತು. ಇಲ್ಲಿ ಐದು-ಆರನೇ ಕ್ಲಾಸಿನ ಪಿಇನಲ್ಲಿ ಸಾಫ್ಟ್ ವಾಲಿಬಾಲ್ ಅಂತ ಆಡಿಸ್ತಾರೆ, ರಬ್ಬರ್ ಬಾಲ್, ಮೆತ್ತಗಿರುತ್ತೆ, ಮುಖಕ್ಕೆ ಬಿದ್ರೂ ಮಗು ನಗುತ್ತೆ. ನಾಲ್ಕು ಜನರ ಟೀಮು, ಬ್ಯಾಡ್ಮಿಂಟನ್ ಕೋರ್ಟಲ್ಲೇ ಆಡೋದು. ಕ್ಲಾಸಲ್ಲಿ ಆಡ್ಸುವಾಗ ಎರಡನೇ ಟಚ್ ಹಿಡೀಬಹುದು ಅಂತ ನಿಯಮ ಸಡಿಲ ಮಾಡೋದು ಇಲ್ಲಿ ತುಂಬಾ ಮಾಮೂಲಿ, ಯಾರೂ ಅದನ್ನ ವಾಲಿಬಾಲ್ ಅಲ್ಲ ಅನ್ನಲ್ಲ.

ಇನ್ನು ಸೀರಿಯಸ್ಸಾಗಿ ಕ್ಲಬ್ಬಲ್ಲಿ ಆಡೋ ಪ್ರೈಮರಿ ಮಕ್ಕಳ ಟೂರ್ನಮೆಂಟಲ್ಲೂ ನೆಟ್ 2 ಮೀಟರ್, ಕೋರ್ಟ್ 16 ಬೈ 8, ಬಾಲ್ 200ರಿಂದ 220 ಗ್ರಾಂ. ದೊಡ್ಡೋರ ಬಾಲ್ 260-280 ಇರುತ್ತಲ್ಲ. ರೊಟೇಶನ್ನೇ (ಸರದಿ ಪ್ರಕಾರ ಜಾಗ ಬದಲಾಯಿಸ್ತಾ ತಿರುಗೋದು) ಇಲ್ಲ ಅಲ್ಲಿ, ಯಾರು ಎಲ್ಲಿ ಬೇಕಾದ್ರೂ ನಿಂತ್ಕೋಬಹುದು. ಏಷ್ಯಾದಲ್ಲಿ ವಾಲಿಬಾಲಿಗೆ ಹೆಸರಾದ ದೇಶದಲ್ಲೇ ಮಕ್ಕಳಿಗೆ ಇಷ್ಟು ಸಡಿಲ ಇರೋವಾಗ ನಮ್ಮ ಹೋಬಳಿ ಮಟ್ಟದಲ್ಲಿ ಯಾಕೆ ಇಷ್ಟು ಬಿಗಿ ಅಂತ ನಂಗೆ ಅರ್ಥ ಆಗಲ್ಲ.

ಕರಾವಳಿ_ಬೂಸ್ಟರ್

ಬಾಲ್ ಹಗುರ ಮಾಡಿ, ನೆಟ್ ತಗ್ಗಿಸಿ, ಅದಕ್ಕೆ ನನ್ನ ತಕರಾರು ಇಲ್ಲ. ಆದ್ರೆ ಅಂಡರ್‌ಹ್ಯಾಂಡ್ ಬಿಟ್ಟು ಆಟ ಉಂಟಾ? ಸರ್ವೀಸ್ ಬಂದ್ರೆ ಬೆರಳಲ್ಲಿ ತೆಗೀಲಿಕ್ಕೆ ಆಗ್ತದಾ ಸಣ್ಣ ಮಕ್ಕಳಿಗೆ? ಒಂದಲ್ಲ ಒಂದು ದಿನ ಕಲಿಸ್ಲೇ ಬೇಕಲ್ಲ, ಹಾಗಾದ್ರೆ ಅದನ್ನಾದ್ರೂ ಸರಿಯಾಗಿ ಕಲಿಸಿ, ನಾನು ಹೇಳ್ತೇನೆ.

ಕೈ ಜೋಡಿಸುದು ಅಂದ್ರೆ ಬೆರಳು ಬೆರಳಿನ ಒಳಗೆ ಹೆಣೆಯುದಲ್ಲ. ಒಂದು ಕೈಯ ಬೆರಳುಗಳ ಮೇಲೆ ಇನ್ನೊಂದು ಕೈ ಇಟ್ಟು ಹೆಬ್ಬೆರಳು ಎರಡೂ ಅಕ್ಕಪಕ್ಕ ಒಂದೇ ಮಟ್ಟದಲ್ಲಿ ಬರ್ಬೇಕು. ಮಣಿಕಟ್ಟು ಕೆಳಕ್ಕೆ ಬಾಗಿಸಿದ್ರೆ ಮೊಣಕೈ ತಾನಾಗಿ ನೇರ ಆಗ್ತದೆ. ಬಾಲ್ ತಾಗ್ಬೇಕಾದ್ದು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಮಾಂಸ ಇರುವ ಕಡೆ. ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಗೆರೆ ಹಾಕಿ ಬಿಡಿ, ಬಾಲಿಗೆ ಸುಣ್ಣ ಅಂಟಿತಾ ನೋಡ್ಲಿ, ಮಕ್ಕಳಿಗೆ ಅದೇ ಒಂದು ಆಟ. ಮತ್ತೆ ಕೈ ಬೀಸಬಾರದು. ಬೀಸಿದ್ರೆ ಬಾಲ್ ತಲೆಯ ಹಿಂದೆ ಹೋಗ್ತದೆ. ಶಕ್ತಿ ಕಾಲಿನಿಂದ. ನಾನು ಮಕ್ಕಳನ್ನ ಕಟ್ಟೆ ಮೇಲೆ ಕೂರಿಸಿ ಎದುರಿನಿಂದ ಬಾಲ್ ಹಾಕ್ತೇನೆ, ಬಾಲ್ ತಾಗುವ ಹೊತ್ತಿಗೆ ಎದ್ದು ನಿಲ್ಬೇಕು ಅಷ್ಟೇ, ಕೈ ಇದ್ದಲ್ಲೇ ಇರ್ಬೇಕು. ಇದು ಬಂದ್ರೆ ಶೂಟಿಂಗ್ ಅಭ್ಯಾಸ ಕೂಡ ಹೋಗ್ತದೆ ಮಾಸ್ತರ್ರೇ, ಕೂತವ ಬೀಸ್ಲಿಕ್ಕೆ ಆಗುದಿಲ್ಲ.

ಧಾರ್ವಾಡ_ಮಾಸ್ತರ

ಕಟ್ಟಿ ಮ್ಯಾಲೆ ಕುಂದ್ರಸೂದು ಭಾರಿ ಐತ್ರೀ ಸರ್. ಸೋಮವಾರನ ಮಾಡಿ ನೋಡ್ತೇನಿ.

ಫಿಸಿಯೋ_ತುಮಕೂರು

ಬೆರಳು ಹೆಣೀಬಾರದು ಅನ್ನೋದಕ್ಕೆ ನಂದೂ ಒಂದು ವೋಟು. ಹೆಣೆದ ಕೈ ಮೇಲೆ ಬಾಲ್ ಅಡ್ಡ ಬಿದ್ರೆ ಬೆರಳು ಬಿಡಿಸ್ಕೊಳ್ಳೋಕೆ ಆಗಲ್ಲ, ಉಳುಕುತ್ತೆ. ಓವರ್‌ಹೆಡ್ಡಲ್ಲೂ ಅಷ್ಟೇ, ಹೆಬ್ಬೆರಳು ಬಾಲ್ ಕಡೆಗೆ ಚೂಪಾಗಿ ನಿಲ್ಲಿಸೋ ಮಕ್ಕಳು ಇರ್ತಾರೆ, ಅದು ತಿರುಗಿ ಹಣೆ ಕಡೆ ಇರ್ಬೇಕು. ಬೆರಳು ಊದಿಕೊಂಡ್ರೆ "ಎಳೆದು ಸರಿ ಮಾಡ್ತೀನಿ" ಅಂತ ಯಾರೂ ಎಳೀಬೇಡಿ, ದಯವಿಟ್ಟು. ಐಸ್ ಇಡಿ, ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿ, ಊತ ಜಾಸ್ತಿ ಇದ್ರೆ ಆಕಾರ ಬದಲಾಗಿದ್ರೆ ಡಾಕ್ಟರಿಗೆ ತೋರಿಸಿ. ಬೆಳೆಯೋ ಮಕ್ಕಳ ಮೂಳೆ ತುದೀಲಿ ಬೆಳವಣಿಗೆಯ ಮೆದು ಭಾಗ ಇರುತ್ತೆ, ಅಲ್ಲಿ ಪೆಟ್ಟಾಗಿದ್ರೆ ಹೊರಗಿಂದ ಬರೀ ಉಳುಕು ಅನ್ಸುತ್ತೆ.

ಆಮೇಲೆ ಬಳೆ. ಗಾಜಿನ ಬಳೆ ಹಾಕ್ಕೊಂಡು ಅಂಡರ್‌ಹ್ಯಾಂಡ್ ಮಾಡಿಸ್ಬೇಡಿ. ಉಂಗುರ, ಕೈಗೆ ಕಟ್ಟಿರೋ ತಾಯಿತದ ಲೋಹ ಕೂಡ. ಒಂದು ಡಬ್ಬ ಇಟ್ಟು ಅದರಲ್ಲಿ ಹಾಕ್ಸಿ, ಡಬ್ಬಕ್ಕೆ ಒಬ್ಬರು ಲೀಡರ್ ಇರ್ಲಿ, ಇಲ್ಲಾಂದ್ರೆ ಸಂಜೆ ತಾಯಂದಿರು ಬಂದು ಜಗಳ.

ಎಲ್ಲಾ_ವಿಷಯ_ಟೀಚರ್

ನಾನು ಪಿಇ ಟೀಚರ್ ಅಲ್ಲ, ಐದನೇ ಕ್ಲಾಸ್ ತನಕ ಇರೋ ಶಾಲೆ, ಇಬ್ಬರೇ ಟೀಚರು, ನಲಿಕಲಿನೂ ನಾನೇ ಬಿಸಿಯೂಟದ ಲೆಕ್ಕನೂ ನಾನೇ ಆಟನೂ ನಾನೇ. ಸೀರೆ ಉಟ್ಕೊಂಡು ಸ್ಮ್ಯಾಶ್ ಹೊಡೆದು ತೋರ್ಸೋಕಂತೂ ಆಗಲ್ಲ. ನಾನು ಆಡಿ ತೋರಿಸದೇ ಕಲಿಸಬಹುದಾ? ಮತ್ತೆ ಸರ್ವೀಸ್ ದಾಟೋದೇ ಇಲ್ಲ, ಅದಕ್ಕೇನು ಉಪಾಯ? ಮಕ್ಕಳು ಸಾಲಲ್ಲಿ ನಿಂತು ನಿಂತು ಕಿತ್ತಾಡ್ತಾರೆ.

ಮೂರನೇ_ಟಚ್

ಖಂಡಿತ ಕಲಿಸಬಹುದು ಟೀಚರ್. ತೋರ್ಸೋಕೆ ಏಳನೇ ಕ್ಲಾಸಿನ ಮಕ್ಕಳು ಸಿಕ್ಕಿದ್ರೆ ಕರೀರಿ, ನಿಮ್ಮಲ್ಲಿ ಐದರ ತನಕ ಅಂದ್ರಲ್ಲ, ಹಾಗಾದ್ರೆ ಚೆನ್ನಾಗಿ ಆಡೋ ಒಂದು ಜೋಡೀನ ಮುಂದೆ ನಿಲ್ಸಿ "ಇವರ ಮೊಣಕಾಲು ನೋಡಿ" ಅಂದ್ರೆ ಸಾಕು. ಮಕ್ಕಳು ಮಕ್ಕಳನ್ನ ನೋಡಿ ಬೇಗ ಕಲೀತಾರೆ, ನಮ್ಮನ್ನ ನೋಡಿ ಅಲ್ಲ.

ಸಾಲಲ್ಲಿ ನಿಲ್ಲಿಸೋದು ಮೊದಲು ಬಿಡಿ. ನಲವತ್ತು ನಿಮಿಷದ ಪೀರಿಯಡ್, ನಲವತ್ತು ಮಕ್ಕಳು, ಒಂದೇ ಬಾಲು ಅಂದ್ರೆ ಒಬ್ಬೊಬ್ಬರ ಪಾಲಿಗೆ ಒಂದು ನಿಮಿಷ, ಅದ್ರಲ್ಲೂ ಅರ್ಧ ಬಾಲ್ ತರೋಕೆ ಹೋಗುತ್ತೆ. ಆರು ಆರು ಜನರ ದೊಡ್ಡ ಆಟ ಆಡಿಸಿದ್ರೂ ಅದೇ ಕಥೆ, ಇಬ್ಬರು ಗಟ್ಟಿಗರು ಆಡ್ತಾರೆ, ಮಿಕ್ಕೋರು ಕಂಬ. ಇಬ್ಬಿಬ್ಬರು, ಅಥವಾ ಮೂರು ಮೂರು ಜನ ಎದುರುಬದುರು, ಅದಕ್ಕಿಂತ ಜಾಸ್ತಿ ಬೇಡ.

ಅದಕ್ಕೆ ನೆಟ್ ಎಲ್ಲಿಂದ ತರೋದು ಅಂತೀರಾ, ನೆಟ್ ಬೇಡ, ಉದ್ದದ ಒಂದು ಹಗ್ಗ ಸಾಕು. ಮೈದಾನದ ಒಂದು ತುದಿ ಬೇವಿನ ಮರದಿಂದ ಇನ್ನೊಂದು ತುದಿ ಕಂಬಕ್ಕೆ ಅಡ್ಡ ಎಳೆದು ಕಟ್ಟಿ. ಹಗ್ಗಕ್ಕೆ ಹಳೇ ಸೀರೆ ಪಟ್ಟಿ, ಬಣ್ಣದ ಬಟ್ಟೆ ಕಟ್ಟಿಬಿಡಿ, ಎತ್ತರ ಕಾಣಬೇಕು. ಎತ್ತರ ನಾಲ್ಕನೇ ಕ್ಲಾಸಿಗೆ 1.60, ಐದು-ಆರಕ್ಕೆ 1.80, ನಾನು ಅಳತೆಪಟ್ಟಿ ಹಿಡಿಯಲ್ಲ, ಕ್ಲಾಸಿನ ಎತ್ತರದ ಹುಡುಗಿ ಕೈ ಎತ್ತಿದಾಗ ಮಣಿಕಟ್ಟು ಹಗ್ಗ ಮುಟ್ಬೇಕು ಅಷ್ಟೇ. ಆ ಒಂದೇ ಹಗ್ಗದ ಎರಡೂ ಕಡೆ ಮೂರು ನಾಲ್ಕು ಮೀಟರಿಗೆ ಒಂದೊಂದು ಗೆರೆ ಸುಣ್ಣದಲ್ಲಿ ಎಳೆದ್ರೆ ಐದಾರು ಪುಟ್ಟ ಕೋರ್ಟು ರೆಡಿ. ಎಲ್ಲರೂ ಒಂದೇ ಹೊತ್ತಿಗೆ ಆಡ್ತಾರೆ. ಒಂದು ಮಾತು, ಧ್ವಜಕಂಬಕ್ಕೆ ಮಾತ್ರ ಕಟ್ಟಬೇಡಿ, ಎಚ್‌ಎಂ ಬೈತಾರೆ.

ಬಾಲ್ ಮಾತು. ಸಮಗ್ರ ಶಿಕ್ಷಣದ ಕ್ರೀಡಾ ಅನುದಾನ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿ ತನಕ ಇದೆ. ಅದ್ರಲ್ಲಿ ಬ್ರ್ಯಾಂಡೆಡ್ ಬಾಲ್ ಒಂದೆರಡು ತಂದು ಬೀರುಲಿ ಇಡೋ ಬದಲು ಹಗುರದ ಬಾಲ್ ಹತ್ತು ತರಿಸಿ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಕೇಳಿ. ಬಿಲ್ಲು ಒಂದೇ ಅಲ್ವಾ.

ಸರ್ವೀಸ್ ವಿಚಾರ. ಶುರುವಿಗೆ ಸರ್ವೀಸೇ ಬೇಡ. ಸರ್ವೀಸಲ್ಲೇ ಆಟ ಸತ್ತುಹೋದ್ರೆ ಮಿಕ್ಕಿದ್ದು ಯಾವಾಗ ಕಲಿಯೋದು? ಎರಡೂ ಕೈಲಿ ಕೆಳಗಿಂದ ಮೇಲೆ ಹಗ್ಗ ದಾಟಿಸಿ ಮೆತ್ತಗೆ ಹಾಕೋದು, ಅಲ್ಲಿಂದ ಆಟ ಶುರು. ಹೀಗೆ ಹಾಕೋದನ್ನ ಒಂದು ಪೀರಿಯಡ್ ಪೂರ್ತಿ ಕಲಿಸಿ, ಯಾಕಂದ್ರೆ ಜೋಡೀಲಿ ಒಬ್ಬ ಕೆಟ್ಟದಾಗಿ ಹಾಕಿದ್ರೆ ಇನ್ನೊಬ್ಬ ಏನೂ ಕಲಿಯಕ್ಕಾಗಲ್ಲ. ಎಷ್ಟೋ ಕಡೆ ಪಾಸ್ ಸರಿ ಇಲ್ಲ ಅಂತ ಮಗೂನ ಬೈತಾರೆ, ನೋಡಿದ್ರೆ ಎದುರಿನವನು ಬಾಲನ್ನ ಹೊಟ್ಟೆಗೆ ಗುರಿ ಇಟ್ಟು ಬಿಸಾಕ್ತಿರ್ತಾನೆ.

ಕರಾವಳಿ_ಬೂಸ್ಟರ್

ಇದು ನೂರಕ್ಕೆ ನೂರು ಸತ್ಯ. ಹಾಕುವವ ಸರಿ ಇದ್ರೆ ಹೊಡೆಯುವವ ತನ್ನಿಂದ ತಾನೇ ಸರಿ ಆಗ್ತಾನೆ. ಬಾಲ್ ಎತ್ತಿ ಕೊಡುವ ಒಳ್ಳೆ ಬೂಸ್ಟರ್ ಇಲ್ಲದೆ ಸ್ಮ್ಯಾಷರ್ ಇಲ್ಲ ಅಂತ ನಾನು ನನ್ನ ಹೆಸರಿನಲ್ಲೇ ಇಟ್ಕೊಂಡಿದ್ದೇನೆ.

ಸರ್ವೀಸ್ ಕಲಿಸುವಾಗ ಟೀಚರ್, ಮಗು ಬಲಗೈಯವನಾದ್ರೆ ಎಡಗಾಲು ಮುಂದೆ. ಬಾಲ್ ಎಡ ಅಂಗೈಯಲ್ಲಿ ಸೊಂಟದ ಎತ್ತರಕ್ಕೆ, ಹೊಡೆಯುವ ಕೈಯ ಎದುರಿಗೆ. ಮೇಲೆ ಹಾರಿಸಿ ಹೊಡೆಯುದಲ್ಲ, ಹಾರಿಸಿದ್ರೆ ಕೆಟ್ಟಿತು, ಎಡಗೈ ತೆಗೆದ್ರೆ ಆಯ್ತು. ಅಂಗೈಯ ಬುಡದಿಂದ ಹೊಡೀಬೇಕು, ಮುಷ್ಟಿಯಿಂದ ಹೊಡೆದ್ರೆ ಎಲ್ಲಿ ಹೋಗ್ತದೆ ದೇವರಿಗೇ ಗೊತ್ತು. ಹಗ್ಗದಿಂದ ಮೂರು ಮೀಟರಿನಲ್ಲಿ ನಿಲ್ಲಿಸಿ, ಮೂರು ದಾಟಿಸಿದ್ರೆ ಒಂದು ಹೆಜ್ಜೆ ಹಿಂದೆ. 9 ಮೀಟರಿನ ಗೆರೆ ಆ ವರ್ಷ ಬರ್ಲೇಬೇಕು ಅಂತ ಇಲ್ಲ.

ಬಯಲುಸೀಮೆ_ಪಿಟಿ

ಎಲ್ರಿಗೂ ಥ್ಯಾಂಕ್ಸ್. ಬರೆಯೋಕೆ ತಡ ಆಯ್ತು, ಮಧ್ಯ ಗಣತಿ ಕೆಲಸಕ್ಕೆ ಹಾಕಿದ್ರು. ಹಗ್ಗದ ಐಡಿಯಾ ಮಾಡಿದೆ, ನಮ್ಮಲ್ಲಿ ಮರ ಇಲ್ಲ, ಹಾಗಾಗಿ ಬಣ್ಣದ ಡಬ್ಬಕ್ಕೆ ಕಾಂಕ್ರೀಟ್ ಹಾಕಿ ಬಿದಿರು ನಿಲ್ಲಿಸಿ ಕಟ್ಟಿದೀನಿ, ನಡುವೆ ಜೋತು ಬೀಳುತ್ತೆ ಅಂತ ಅಲ್ಲೊಂದು ಕವೆಗೋಲು. ಜಾತ್ರೆ ಬಾಲು ಎಂಟು ತಂದೆ, ಎರಡು ಆಗ್ಲೇ ಮುಳ್ಳು ಚುಚ್ಚಿ ಹೋಯ್ತು, ಗಾಳಿ ಜೋರಿದ್ದ ದಿನ ಆಡ್ಸೋಕೆ ಆಗಲ್ಲ ಅನ್ನೋದೊಂದು ಕಷ್ಟ, ನಮ್ ಕಡೆ ಗಾಳಿ ಗೊತ್ತಲ್ಲ, ಫ್ಯಾನ್ ಕಂಬ ನೆಟ್ಟಿರೋ ಊರು.

ಆದ್ರೆ ರ್‍ಯಾಲಿ ಆಗ್ತಿದೆ. ಹಣೆ ಮೇಲೆ ಕ್ಯಾಚ್ ಅನ್ನೋ ನಿಯಮಕ್ಕೆ ಥ್ರೋಬಾಲ್ ಹುಡುಗೀರು ಒಂದೇ ಪೀರಿಯಡ್ಡಲ್ಲಿ ಹೊಂದ್ಕೊಂಡ್ರು, ಗಂಡುಹುಡುಗರೇ ಒದ್ದಾಡಿದ್ದು. ಈಗ ಐದನೇ ಕ್ಲಾಸಲ್ಲಿ ಮೊದಲ ಟಚ್ ಹೇಗಾದ್ರೂ ತೆಗೀಬಹುದು, ಒಂದು ಪಿಚ್ ಬಿದ್ರೂ ಪರ್ವಾಗಿಲ್ಲ, ಎರಡನೇದು ಹಿಡೀಬಹುದು, ಮೂರನೇದು ಹಿಡಿಯಂಗಿಲ್ಲ ಅಂತ ಇಟ್ಟಿದೀನಿ. ಪಾಯಿಂಟ್ ಲೆಕ್ಕನೂ ಬದಲಾಯಿಸ್ದೆ, ಬಾಲ್ ಹಗ್ಗ ಎಷ್ಟು ಸಲ ದಾಟ್ತು ಅಂತ ಎರಡೂ ಕಡೆಯವರು ಸೇರಿ ಎಣಿಸ್ತಾರೆ, ಪಕ್ಕದ ಕೋರ್ಟಿನೋರಿಗಿಂತ ಜಾಸ್ತಿ ಆಗ್ಬೇಕು. ಮೆತ್ತಗೆ ಹಾಕೋದು ತಾನಾಗೇ ಬಂತು.

ಈಗ ಹೊಸ ತಲೆನೋವು. ಕ್ಲಸ್ಟರ್ ಕ್ರೀಡಾಕೂಟ ಹತ್ರ ಬಂತು. ಅಲ್ಲಿ ಆರು ಜನ, ದೊಡ್ಡ ಬಾಲು, ಸಂಘಟಕರು ಕಟ್ಟಿದ ಎತ್ತರಕ್ಕೇ ಆಡ್ಬೇಕು. ನಮ್ಮ ಮಕ್ಕಳು ಜಾತ್ರೆ ಬಾಲಲ್ಲಿ ಹುಲಿಗಳು, ಅಲ್ಲಿ ಏನ್ ಮಾಡ್ತಾರೋ. ಏಳನೇ ಕ್ಲಾಸಿನೋರ್ನ ಕಳಿಸ್ಬೇಕು, ಅವರಿಗೆ ರೊಟೇಶನ್ ಅಂದ್ರೆ ತಲೆ ತಿರುಗುತ್ತೆ.

ಧಾರ್ವಾಡ_ಮಾಸ್ತರ

ರೊಟೇಶನ್ನಿಗೆ ಬಾಲ್ ಬ್ಯಾಡ್ರೀ ಸರ್. ಕ್ಲಾಸ್‌ರೂಮಿನ ವರಾಂಡಾದಾಗ ಸೀಮಿಸುಣ್ಣದ್ಲೆ ಆರು ಚೌಕ ಬರೀರಿ, ಹಿಂದ ಬಲಕ್ಕ ಒಂದು, ಅದರ ಮುಂದ ಎರಡು, ಮುಂದ ನಡುವ ಮೂರು, ಮುಂದ ಎಡಕ್ಕ ನಾಕು, ಹಿಂದ ಎಡಕ್ಕ ಐದು, ಹಿಂದ ನಡುವ ಆರು. ನಂಬರ್ ಗಡಿಯಾರದ ವಿರುದ್ಧ ಬರ್ತಾವ, ಹುಡುಗೂರು ಗಡಿಯಾರದ ಹಂಗ ತಿರಗ್ತಾವ, ಎರಡರಾಗಿನಾವ ಒಂದಕ್ಕ ಬಂದು ಸರ್ವೀಸ್ ಮಾಡ್ತಾನ. ಸೀಟಿ ಊದಿದ್ರ ಒಂದು ಮನಿ ಮುಂದಕ್ಕ. ಮಳಿ ಬಂದ ದಿನ ಇದನ್ನ ಆಡಸ್ರಿ, ಹತ್ತು ನಿಮಿಷದಾಗ ಬರ್ತದ. ಪಾಯಿಂಟ್ ಗೆದ್ದಾಗೆಲ್ಲ ತಿರಗೂದಲ್ಲ, ಎದುರಿನವರ ಸರ್ವೀಸ್ ಮುರದು ನಮಗ ಬಂದಾಗ ಅಷ್ಟ ಅನ್ನೂದನ್ನ ಎರಡು ಸಲ ಹೇಳ್ರಿ, ಹುಡುಗೂರು ಸುಮ್ಮ ಸುಮ್ಮನ ತಿರಗ್ಕೋತ ಇರ್ತಾವ.

ಕರಾವಳಿ_ಬೂಸ್ಟರ್

ಏಳನೇಯವರಿಗೆ ಈಗಿಂದಲೇ ದೊಡ್ಡ ಬಾಲ್ ಕೊಡಿ, ಪೂರ್ತಿ ಪೀರಿಯಡ್ ಬೇಡ, ಕೊನೆಯ ಹತ್ತು ನಿಮಿಷ. ಗಾಳಿ ಒಂಚೂರು ಕಮ್ಮಿ ಇಟ್ರೆ ಕೈಗೆ ಮೆತ್ತಗಿರ್ತದೆ, ಕ್ರೀಡಾಕೂಟ ಹತ್ತಿರ ಬಂದ ಹಾಗೆ ತುಂಬಿಸ್ತಾ ಹೋಗಿ. ನಿಮ್ಮ ಆ ಕಲ್ಲು ಬಾಲ್ ಎಸೆದು ಬಿಡಿ. ಮತ್ತೆ ಕ್ಲಸ್ಟರ್ ಮಟ್ಟದಲ್ಲಿ ಗೆಲ್ಲುದು ಸ್ಮ್ಯಾಶಿನಿಂದ ಅಲ್ಲ, ಸರ್ವೀಸ್ ದಾಟಿಸಿದವ ಗೆಲ್ತಾನೆ, ಎದುರಿನವರು ತೆಗೆಯುದಿಲ್ಲ. ಅಷ್ಟಕ್ಕೇ ತೃಪ್ತಿ ಪಡುವ ಮೇಷ್ಟ್ರುಗಳು ಬೇಕಾದಷ್ಟು ಇದ್ದಾರೆ, ಎತ್ತರದ ಇಬ್ಬರನ್ನ ಹಿಡಿದು ಸರ್ವೀಸ್ ಮಾತ್ರ ತಿಕ್ಕಿ ಕಪ್ ತಗೊಂಡು ಹೋಗ್ತಾರೆ, ತಾಲೂಕಿನಲ್ಲಿ ಬಿದ್ದು ಹೋಗ್ತಾರೆ. ನಿಮ್ಮ ಮಕ್ಕಳು ಒಂದು ಸರ್ವೀಸ್ ತೆಗೆದು ಮೂರು ಟಚ್ ಆಡಿದ್ರೆ ಆ ಟೀಮಿನವರು ಬಾಯಿ ಬಿಟ್ಟು ನೋಡ್ತಾರೆ, ನೋಡಿ ಬೇಕಾದ್ರೆ.

ಮೂರನೇ_ಟಚ್

ಅಬ್ಬಾ, ಬೂಸ್ಟರ್ ಸರ್ ಮತ್ತೆ ನಾನು ಒಂದೇ ಕಡೆ ಬಂದ್ವಿ. ಒಂದು ಸೇರಿಸ್ತೀನಿ, ಸರ್ವೀಸ್ ತೆಗೆಯೋಕೆ ಹಿಂದೆ ನಿಲ್ಲೋರು ಇನ್ನೂ ಎರಡು ಹೆಜ್ಜೆ ಮುಂದೆ ನಿಲ್ಲಲಿ. ಈ ವಯಸ್ಸಿನವರ ಸರ್ವೀಸ್ ಕೋರ್ಟಿನ ಮಧ್ಯಕ್ಕೇ ಬೀಳೋದು, ಮಕ್ಕಳು ಟಿವಿಲಿ ನೋಡಿ ಹಿಂದಿನ ಗೆರೆ ಹತ್ರ ನಿಂತಿರ್ತಾರೆ. ಮತ್ತೆ "ನಂದು" ಅಂತ ಕೂಗೋದು ಅಭ್ಯಾಸ ಮಾಡ್ಸಿ, ಇಬ್ಬರು ಮುಖ ಮುಖ ನೋಡ್ಕೊಂಡು ಬಾಲ್ ನಡುವೆ ಬಿಡೋದು ನಿಲ್ಲುತ್ತೆ. ಪಿಸುಗುಟ್ಟೋ ಹುಡುಗಿಗೂ ಜೋರು ಗಂಟಲು ಬರುತ್ತೆ, ಅದು ಬೋನಸ್.

ಎಲ್ಲಾ_ವಿಷಯ_ಟೀಚರ್

ಇಷ್ಟೆಲ್ಲಾ ಓದಿ ನಾನೂ ನಾಳೆ ಹಗ್ಗ ತರ್ತಿದೀನಿ. ತೆಂಗಿನ ನಾರಿಂದು ಮನೇಲೇ ಇದೆ, ಅದಾಗುತ್ತಾ, ಇಲ್ಲಾ ಅಂಗಡೀಲಿ ನೈಲಾನ್ ತಗೊಳ್ಲಾ? ಮೂರನೇ ಕ್ಲಾಸಿನೋರ್ನೂ ಸೇರಿಸ್ಬಹುದಾ?

ಮೂರನೇ_ಟಚ್

ನಾರಿಂದು ಬೇಡ, ಓಡಿ ಬಂದು ಕತ್ತಿಗೆ ಮುಖಕ್ಕೆ ತಾಗಿದ್ರೆ ತರಚುತ್ತೆ. ನೈಲಾನ್, ಸ್ವಲ್ಪ ದಪ್ಪದ್ದು, ಮತ್ತೆ ಆಟ ಮುಗಿದ ತಕ್ಷಣ ಬಿಚ್ಚಿ ಒಳಗಿಡಿ, ಕತ್ತಲಲ್ಲಿ ಯಾರಾದ್ರೂ ಬೈಕಲ್ಲಿ ಮೈದಾನ ದಾಟ್ತಾರೆ. ಮೂರನೇ ಕ್ಲಾಸಿನೋರಿಗೆ ಬಲೂನ್ ಕೊಟ್ಟು ಬಿಡಿ, ಹಗ್ಗದ ಒಂದು ತುದೀಲಿ ಅವರದ್ದೇ ಕೋರ್ಟ್ ಇರ್ಲಿ.